ಮೊದಲ ಪಂಕ್ತಿಯವರಿಗೆ ಹೇಳಿದ ಮಾತು

(ಈಸ್ಟರ್ ಹಬ್ಬಕ್ಕೆ ಮುಂಚಿನ ಶ್ರಮೆಕಾಲದಲ್ಲಿ, ನಮ್ಮ ಚರ್ಚಿನ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಸಭಾಪಾಲಕರಾದ ಅಯ್ಯನವರಿಗೆ, ಸಭೆಯ ಹಿರಿಯರಿಗೆ, ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಯೇಸುಸ್ವಾಮಿಯ ಹೆಸರಿನಲ್ಲಿ ವಂದನೆ.

ನನಗೆ ಕೊಟ್ಟಿರುವ ವಿಷಯ ‘ತನಗಿಂತ ಮೊದಲು ಇತರರು’. ಅಯ್ಯನವರು ಫೋನಿನಲ್ಲಿ ಹೇಳಿದಾಗ, “ಇದರಲ್ಲಿ ಹೇಳೋದಕ್ಕೆ ಏನಿದೆ ಅಯ್ಯನವರೇ, ಎಲ್ಲರಿಗೂ ಗೊತ್ತಿರೋದೇ” ಅಂದೆ. “ಗೊತ್ತಿರೋದನ್ನೇ ಹೇಳಿ ಸಿಸ್ಟರ್, ಹೊಸದನ್ನು ಹೇಳೋಕೆ ನಾನಿದ್ದೀನಿ” ಅಂದರು. ಹಾಗಾಗಿ ಬಂದಿದ್ದೇನೆ.

ನಾನು ದೇವಶಾಸ್ತ್ರ ಓದಿದವಳಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ನರ್ಸ್. ಸೇವೆ, ತ್ಯಾಗ, ತಾಳ್ಮೆ ಅನ್ನುವ ಮಾತುಗಳನ್ನು ನಮ್ಮಷ್ಟು ಕೇಳಿಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ. ಸಂಬಳ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಕೇಳಿಸಿಕೊಂಡಿದ್ದೇವೆ! ಹೀಗಾಗಿ ಈ ವಿಷಯ ಎದ್ದಾಗ ನನಗೆ ಬರುವ ಮೊದಲ ಅನುಮಾನ: ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳ ಮುಂದೆ ನಿಂತು ‘ಇತರರನ್ನು ಮೊದಲು ಇಡಮ್ಮ’ ಅಂತ ಪ್ರಸಂಗ ಮಾಡುವುದು ಸುಲಭ. ಅವಳು ಹೇಗೂ ಇಟ್ಟೇ ಇದ್ದಾಳೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಈ ಬೋಧನೆ ಗಟ್ಟಿಯಾಗಿ ಬರುವ ಜಾಗಗಳನ್ನು ನೋಡಿದರೆ, ಅದನ್ನು ಹೇಳಿದ್ದು ಮೊದಲ ಪಂಕ್ತಿಯಲ್ಲಿ ಕೂತವರಿಗೆ. ‘ಸೇವಕರೇ, ಅಧೀನರಾಗಿರಿ’ ಅನ್ನುವ ವಾಕ್ಯಗಳೂ ಇವೆಯಲ್ಲ ಅಂತ ಯಾರಾದರೂ ಕೇಳಬಹುದು. ಇವೆ. ಅದು ಇನ್ನೊಂದು ಸಂಜೆಗೆ ಆಗುವಷ್ಟು ದೊಡ್ಡ ಮಾತು. ಇವತ್ತು ಪಂಕ್ತಿಯ ವಿಷಯಕ್ಕೇ ಇರೋಣ.

ಪಂಕ್ತಿ ಅಂದೆ. ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಿ ನಡೆದದ್ದು ನಿಜಕ್ಕೂ ಪಂಕ್ತಿಯ ಜಗಳವೇ.

ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂಥವನ್ನು ನೆಲಸಮ ಮಾಡಿದ್ದರು. ಸುಮಾರು ನೂರು ವರ್ಷ ಅದು ಹಾಳೂರಾಗಿ ಬಿದ್ದಿತ್ತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮತ್ತೆ ಕಟ್ಟಿಸಲು ಹೊರಟ. ಹೊಸದಾಗಿ ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರೇ ಬಹಳ. ಎರಡು ಬಂದರುಗಳ ನಡುವಿನ ಊರು, ಕೈತುಂಬ ವ್ಯಾಪಾರ. ಹೊಸ ದುಡ್ಡು ಬಂದ ಊರಿನಲ್ಲಿ ಯಾರು ಯಾರಿಗಿಂತ ಮೇಲು ಅನ್ನುವ ಲೆಕ್ಕ ಎಷ್ಟು ಜೋರಾಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಅಲ್ಲಿ ಒಂದೂವರೆ ವರ್ಷ ಇದ್ದು ಸಭೆ ಕಟ್ಟಿದ. ಆಮೇಲೆ ಎಫೆಸ ಅನ್ನುವ ಊರಿನಲ್ಲಿದ್ದಾಗ ಅವನ ಕಿವಿಗೆ ದೂರು ಬಿತ್ತು.

ಆಗ ಚರ್ಚ್ ಅಂತ ಕಟ್ಟಡ ಇರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಕೂಟ. ಯೇಸುವಿನ ಕೊನೆಯ ಊಟದ ನೆನಪಿಗೆ ಮಾಡುವ ಕರ್ತನ ಭೋಜನ ಅಂದರೆ ನಮ್ಮ ಹಾಗೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಅಲ್ಲ, ಹೊಟ್ಟೆ ತುಂಬುವ ಊಟ. ಆ ಕಾಲದ ಸಿರಿವಂತರ ಮನೆಯ ಊಟದ ಕೋಣೆಯಲ್ಲಿ ಒರಗಿಕೊಂಡು ಉಣ್ಣಲು ಸುಮಾರು ಒಂಬತ್ತು ಜನರಿಗೆ ಜಾಗ. ಉಳಿದವರು ಹೊರಗಿನ ಅಂಗಳದಲ್ಲಿ. ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ: ಆಗ ಭಾನುವಾರ ರಜೆ ಇರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನ ಮಾಡಿದ್ದು ಕ್ರಿ.ಶ. 321ರಲ್ಲಿ. ಅಂದರೆ ಬಂದರಿನ ಕೂಲಿ, ಮನೆಯ ಗುಲಾಮ, ಇವರೆಲ್ಲ ಯಜಮಾನನ ಕೆಲಸ ಮುಗಿಸಿ ಬರಬೇಕು. ಅವರು ಬರುವಷ್ಟರಲ್ಲಿ ಬಿಡುವಿದ್ದವರು ಬೇಗ ಬಂದು, ತಾವು ತಂದದ್ದನ್ನು ತಾವೇ ಉಂಡು, ಕುಡಿದು ಮತ್ತರಾಗಿದ್ದರು. ಬಂದವರಿಗೆ ಖಾಲಿ ಪಾತ್ರೆ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಅಮಲೇರಿದ್ದಾನೆ ಅಂತ ಪೌಲ ನೇರವಾಗಿಯೇ ಬರೆಯುತ್ತಾನೆ.

ಇಲ್ಲಿ ಅವನು ಕೊಡುವ ಪರಿಹಾರ ನೋಡಿ. ತಡವಾಗಿ ಬಂದವರಿಗೆ ‘ತಾಳಿಕೊಳ್ಳಿ, ಶಿಲುಬೆ ಹೊರಿ, ಪರಲೋಕದಲ್ಲಿ ಊಟ ಇದೆ’ ಅನ್ನಲಿಲ್ಲ. ಬೈದದ್ದು ಮನೆಮಠ ಇದ್ದವರನ್ನು. ತಿನ್ನಲಿಕ್ಕೆ ನಿಮಗೆ ಮನೆ ಇಲ್ಲವೇ, ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಕೇಳಿದ. ಆಮೇಲೆ ಹೇಳಿದ್ದು ಇಷ್ಟೇ: ಒಬ್ಬರಿಗಾಗಿ ಒಬ್ಬರು ಕಾಯಿರಿ. ದೊಡ್ಡ ತ್ಯಾಗ ಏನಿಲ್ಲ. ಆಸ್ತಿ ಮಾರಬೇಕಿಲ್ಲ. ಕೆಲಸ ಮುಗಿಸಿ ಬರುವವನು ಬರುವವರೆಗೆ ಪಾತ್ರೆಯ ಮುಚ್ಚಳ ತೆಗೆಯಬೇಡಿ.

ನಮ್ಮ ಸುಗ್ಗಿ ಹಬ್ಬದ ಊಟ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಗೆ ಬಿರಿಯಾನಿಯಲ್ಲಿ ತುಂಡು ಸಿಗುತ್ತದೆ, ಕೊನೆಯ ಪಂಕ್ತಿಗೆ ಅನ್ನ ಸಿಗುತ್ತದೆ. ಕೊನೆಯ ಪಂಕ್ತಿಯಲ್ಲಿ ಯಾರಿರುತ್ತಾರೆ? ಬಡಿಸಿದ ಹುಡುಗರು, ಪಾತ್ರೆ ತೊಳೆದ ಹೆಂಗಸರು, ಗಂಟೆ ಹೊಡೆಯುವ ನಮ್ಮ ಚರ್ಚಿನ ಅಣ್ಣ. ನಗಬೇಡಿ, ಮುಂದಿನ ಸಲ ಅವರನ್ನೇ ಮೊದಲು ಕೂರಿಸಿ ಹಿರಿಯರ ಸಮಿತಿ ಬಡಿಸಲಿ. ಸಾಂಬಾರು ಚೆಲ್ಲಿದರೂ ಪರವಾಗಿಲ್ಲ.

ಈಗ ಮಕೆದೋನ್ಯ ಸೀಮೆಯ ಫಿಲಿಪ್ಪಿ ಅನ್ನುವ ಊರಿಗೆ ಬರೋಣ. ‘ನಿಮಗಿಂತ ಮತ್ತೊಬ್ಬರನ್ನು ಶ್ರೇಷ್ಠರೆಂದು ಎಣಿಸಿರಿ’ ಅನ್ನುವ ಮಾತು ಬರುವುದು ಪೌಲ ಅಲ್ಲಿಯ ಸಭೆಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ. ಕ್ರಿ.ಪೂ. 42ರಲ್ಲಿ ಆ ಊರಿನ ಪಕ್ಕದ ಬಯಲಿನಲ್ಲೇ ಜೂಲಿಯಸ್ ಸೀಸರನ ಕೊಲೆಗಾರರಿಗೂ ಅವನ ಕಡೆಯವರಿಗೂ ಯುದ್ಧ ನಡೆದಿತ್ತು. ಗೆದ್ದವರು ತಮ್ಮ ನಿವೃತ್ತ ಸಿಪಾಯಿಗಳಿಗೆ ಅಲ್ಲಿ ಜಮೀನು ಹಂಚಿದರು. ರೋಮನ್ ಪೌರತ್ವ ಇದ್ದವನಿಗೆ ಅಲ್ಲಿ ಮೀಸೆ ತಿರುವುವ ಹಕ್ಕು. ಯಾರು ಯಾವ ಹುದ್ದೆಯಲ್ಲಿದ್ದರು, ಯಾವ ಗೌರವ ಪಡೆದರು ಅಂತ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವ ಊರು. ಅಂಥ ಊರಿನ ಸಭೆಗೆ ಪೌಲ ಕ್ರಿಸ್ತನನ್ನು ತೋರಿಸುತ್ತಾನೆ: ದೇವರ ಸಮಾನನಾಗಿದ್ದವನು ಆ ಪದವಿಗೆ ಅಂಟಿಕೊಳ್ಳದೆ, ಗುಲಾಮನ ರೂಪ ಧರಿಸಿ, ಶಿಲುಬೆಯ ಸಾವಿನವರೆಗೂ ಇಳಿದ. ಶಿಲುಬೆ ಅನ್ನುವ ಮಾತೇ ರೋಮನ್ ಪೌರನ ಕಣ್ಣು ಕಿವಿಗಳಿಂದ ದೂರ ಇರಬೇಕು ಅಂತ ಸಿಸೆರೊ ಅನ್ನುವ ವಾಗ್ಮಿ ಅದಕ್ಕೂ ನೂರು ವರ್ಷಕ್ಕಿಂತ ಮುಂಚೆಯೇ ನ್ಯಾಯಸಭೆಯಲ್ಲಿ ವಾದಿಸಿದ್ದ. ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಸಾವು. ಇಳಿಯುವ ಈ ಕಥೆಯನ್ನು ಅವನು ಹೇಳಿದ್ದು ಹತ್ತುವುದನ್ನೇ ಬದುಕು ಮಾಡಿಕೊಂಡ ಊರಿಗೆ.

ಆದರೆ ನಾನು ನಿಲ್ಲಬೇಕು ಅಂದುಕೊಂಡಿರುವ ಜಾಗ ಅದೇ ಅಧ್ಯಾಯದ ಕೊನೆಯಲ್ಲಿದೆ. ಪ್ರಸಂಗಗಳಲ್ಲಿ ಅದನ್ನು ಓದುವುದು ಕಡಿಮೆ. ಎಪಫ್ರೊದೀತ ಅನ್ನುವವನ ವಿಷಯ.

ಪೌಲ ಸೆರೆಯಲ್ಲಿದ್ದ, ರೋಮಿನಲ್ಲಿ ಅನ್ನುವುದು ಸಭೆಯ ಹಳೆಯ ನಂಬಿಕೆ. ಆ ಕಾಲದ ಸೆರೆಯಲ್ಲಿ ಊಟ, ಬಟ್ಟೆ, ಔಷಧಿಗೆ ಕೈದಿ ಬಹುಮಟ್ಟಿಗೆ ತನ್ನ ಕಡೆಯವರನ್ನೇ ನಂಬಬೇಕಿತ್ತು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗೆ ಸೇರಿದವರಿಗೆ ಮನೆಯವರೊಬ್ಬರು ಜೊತೆಗಿರಲೇಬೇಕಲ್ಲ, ಹಾಗೆ. ಫಿಲಿಪ್ಪಿಯ ಸಭೆಯವರು ಹಣ ಕೂಡಿಸಿ ಎಪಫ್ರೊದೀತನ ಕೈಯಲ್ಲಿ ಕಳಿಸಿದರು. ಹಣ ಕೊಟ್ಟು ವಾಪಸು ಬಾ ಅಂತಲ್ಲ, ಅಲ್ಲೇ ಇದ್ದು ಅವನನ್ನು ನೋಡಿಕೋ ಅಂತ. ವಾರಗಟ್ಟಲೆ ಪ್ರಯಾಣ. ಹೋದವನು ಕಾಯಿಲೆ ಬಿದ್ದ. ಸಾಯುವ ಹಾಗೇ ಆಗಿದ್ದ ಅಂತ ಪೌಲ ಬರೆಯುತ್ತಾನೆ. ಸುದ್ದಿ ಊರಿಗೆ ಮುಟ್ಟಿತು. ತಾನು ಕಾಯಿಲೆ ಬಿದ್ದದ್ದು ಊರಿನವರಿಗೆ ಗೊತ್ತಾಯಿತಲ್ಲ ಅಂತ ಇವನು ಇಲ್ಲಿ ಕೊರಗಿದ. ನರ್ಸುಗಳಾದ ನಮಗೆ ಈ ಮನುಷ್ಯ ಚೆನ್ನಾಗಿ ಪರಿಚಯ. ತನಗೆ ನೂರಾ ಮೂರು ಜ್ವರ ಇದ್ದರೂ ಮನೆಗೆ ಫೋನ್ ಮಾಡಿ ‘ನನಗೇನಾಗಿಲ್ಲ, ನೀವು ಉಂಡಿರಾ’ ಅಂತ ಕೇಳುವ ಜಾತಿ.

ಪೌಲನ ಜಾಗದಲ್ಲಿ ನಿಂತು ನೋಡಿ. ಬೇಡಿಯಲ್ಲಿದ್ದಾನೆ, ಮುಂದೆ ಮರಣದಂಡನೆಯೇ ಬರಬಹುದು. ಕೈಗೆ ಸಿಕ್ಕಿರುವ ಸಹಾಯಕ ಈಗ ತಾನೇ ಗುಣವಾಗಿದ್ದಾನೆ. ‘ಕರ್ತನ ಸೇವೆ ಇನ್ನೂ ಇದೆ, ಸ್ವಲ್ಪ ತಾಳು’ ಅಂದಿದ್ದರೆ ಎಪಫ್ರೊದೀತ ಉಳಿಯುತ್ತಿದ್ದ, ಖಂಡಿತ. ಅಂಥವರನ್ನು ಉಳಿಸಿಕೊಳ್ಳುವುದು ಎಷ್ಟು ಸುಲಭ ಅಂತ ಆಸ್ಪತ್ರೆ ನಡೆಸುವವರಿಗೆಲ್ಲ ಗೊತ್ತು. ಪೌಲ ಅವನನ್ನು ಮನೆಗೆ ಕಳಿಸಿದ. ಬರೀ ಕಳಿಸಲಿಲ್ಲ. ಬೇಗ ವಾಪಸು ಬಂದವನನ್ನು ಊರಿನವರು ‘ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದ’ ಅಂದುಬಿಟ್ಟರೆ? ಅದಕ್ಕೆ ಪತ್ರದಲ್ಲೇ ಬರೆದ: ಇವನನ್ನು ಸಂತೋಷದಿಂದ ಸೇರಿಸಿಕೊಳ್ಳಿ, ಇಂಥವರಿಗೆ ಮಾನ ಕೊಡಿ, ಕ್ರಿಸ್ತನ ಕೆಲಸಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟವನು. ಅಂದರೆ ರಜೆ ಕೊಟ್ಟು, ಜೊತೆಗೆ ಒಳ್ಳೆಯ ಸರ್ಟಿಫಿಕೇಟನ್ನೂ ಬರೆದುಕೊಟ್ಟ! ಅಧ್ಯಾಯದ ಮೊದಲಲ್ಲಿ ಬೋಧಿಸಿದ್ದನ್ನು ಕೊನೆಯಲ್ಲಿ ತಾನೇ ಮಾಡಿ ತೋರಿಸಿದ ಅಂತ ನಾನು ಓದಿಕೊಳ್ಳುತ್ತೇನೆ. ಅವನಿಗೆ ಬೇಕಾಗಿದ್ದ ಆಸರೆಗಿಂತ ಆಸರೆ ಕೊಡುತ್ತಿದ್ದವನ ಸ್ಥಿತಿ ಮೊದಲು ಬಂತು.

ಈ ಭಾಗ ಓದಿದಾಗಲೆಲ್ಲ ನನಗೆ ನೆನಪಾಗುವವರು ವಾರ್ಡಿನಲ್ಲಿ ರೋಗಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವವರು. ಸಂಜೆ ನಾಲ್ಕರಿಂದ ಆರು ನೋಡಲು ಬರುವ ಹೊತ್ತು. ಸಭೆಯವರು ಬರುತ್ತಾರೆ, ಹಾರ್ಲಿಕ್ಸ್, ಬ್ರೆಡ್ಡು, ಸೇಬು ತರುತ್ತಾರೆ. ಮಂಚದ ಸುತ್ತ ನಿಂತು ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅಷ್ಟು ಹೊತ್ತೂ ಹೆಂಡತಿ ಗೋಡೆಗೆ ಆತು ನಿಂತಿರುತ್ತಾಳೆ. ಸ್ನಾನ ಮಾಡಿ ಮೂರು ದಿನ ಆಗಿರುತ್ತದೆ. ಬೆಳಿಗ್ಗೆ ರೋಗಿ ಬಿಟ್ಟ ಇಡ್ಲಿಯೇ ಅವಳ ತಿಂಡಿ. ಡಾಕ್ಟರ್ ರೌಂಡ್ಸಿಗೆ ಬಂದಾಗ ಇರದಿದ್ದರೆ ಎಂಬ ಭಯಕ್ಕೆ ಕ್ಯಾಂಟೀನಿಗೂ ಇಳಿದಿರುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅವಳಿಗೆ ಹೇಳುವುದು ಒಂದೇ ಮಾತು: “ಚೆನ್ನಾಗಿ ನೋಡಿಕೊಳ್ಳಮ್ಮ.” ಒಂದು ಸಲ ಒಬ್ಬ ಹುಡುಗಿ, ಕಾಲೇಜು ಓದುವವಳು, ಬ್ಯಾಗು ಸ್ಟೂಲಿನ ಮೇಲಿಟ್ಟು, “ಅತ್ತೆ, ನೀವು ಮನೆಗೆ ಹೋಗಿ ಸ್ನಾನ ಮಾಡಿ, ಒಂದು ನಿದ್ದೆ ತೆಗೆದು ಬನ್ನಿ. ಎಂಟು ಗಂಟೆಯವರೆಗೆ ನಾನು ಕೂತಿರ್ತೀನಿ. ಡ್ರಿಪ್ ಮುಗಿದರೆ ಸಿಸ್ಟರನ್ನ ಕರೀತೀನಿ” ಅಂದಳು. ಆ ಹೆಂಗಸು ಚಪ್ಪಲಿ ಹುಡುಕಿಕೊಂಡ ವೇಗ ನೋಡಬೇಕಿತ್ತು.

ಆ ಹುಡುಗಿ ಮಾಡಿದ್ದು ಇಷ್ಟೇ: ಎದುರಿಗಿರುವವರಿಗೆ ಏನು ಬೇಕು ಅಂತ ನೋಡಿದಳು. ನಮಗೆ ಕೊಡಲು ಇಷ್ಟವಾದದ್ದು ಬೇರೆ, ಅವರಿಗೆ ಬೇಕಾದದ್ದು ಬೇರೆ. ಯೆರಿಕೋವಿನಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಯೇಸುಸ್ವಾಮಿ ಅವನನ್ನು ಕರೆಸಿ, ನಿನಗೆ ನಾನು ಏನು ಮಾಡಬೇಕು ಅಂತ ಕೇಳಿದರು. ಕುರುಡನಿಗೆ ಏನು ಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ? ಆದರೂ ಕೇಳಿದರು. ಅವನ ಬಾಯಿಂದಲೇ ಬರಲಿ ಅಂತ ಕಾದರು.

ಯೇಸುಸ್ವಾಮಿ ಕೊನೆಯ ಊಟದ ರಾತ್ರಿ ಶಿಷ್ಯರ ಕಾಲು ತೊಳೆದ ಪ್ರಸಂಗ ನಿಮಗೆಲ್ಲ ಬಾಯಿಪಾಠ, ಹೆಚ್ಚು ಹೇಳುವುದಿಲ್ಲ. ಒಂದು ಗಮನಿಸಿ. ತಂದೆಯು ಸಮಸ್ತವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ತಿಳಿದೇ ಅವರು ಎದ್ದರು ಅನ್ನುತ್ತಾನೆ ಸುವಾರ್ತೆ ಬರೆದ ಯೋಹಾನ. ಬೇರೆ ದಾರಿ ಇಲ್ಲದೆ ಬಗ್ಗಿದ್ದಲ್ಲ, ಎಲ್ಲ ಅಧಿಕಾರ ಕೈಯಲ್ಲಿದ್ದು ಬಗ್ಗಿದ್ದು. ಟವಲು ತಾವೇ ಸೊಂಟಕ್ಕೆ ಕಟ್ಟಿಕೊಂಡರು, ಚಿಕ್ಕವನು ಯಾರು ಅಂತ ನೋಡಿ ಅವನ ಕೈಗೆ ಕೊಡಲಿಲ್ಲ. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹುಡುಗರ, ಹುಡುಗಿಯರ ಕಾಲು ತೊಳೆದರು. ಅವರಲ್ಲಿ ಒಬ್ಬಳು ಮುಸ್ಲಿಂ ಹುಡುಗಿ. ಗಂಡಸರ ಕಾಲು ಮಾತ್ರ ತೊಳೆಯಬೇಕು ಅಂತಿದ್ದ ನಿಯಮವನ್ನು 2016ರಲ್ಲಿ ಬದಲಾಯಿಸಿದರು. ನಾವು ಸಿಎಸ್‌ಐ, ಪ್ರಾಟೆಸ್ಟಂಟ್ ಸಭೆಯವರು, ನಮಗೆ ಪೋಪರ ಆಜ್ಞೆ ಇಲ್ಲ ನಿಜ, ಕಲಿಯಲಿಕ್ಕೆ ಅಡ್ಡಿಯೂ ಇಲ್ಲ.

ಆಮೇಲೆ ಶಿಷ್ಯರಲ್ಲೊಬ್ಬನಾದ ಪೇತ್ರ. ‘ನನ್ನ ಕಾಲು ತೊಳೆಯಲೇ ಕೂಡದು’ ಅಂದವನು. ನಮ್ಮಲ್ಲೂ ಇದ್ದಾರೆ, ಎಲ್ಲರಿಗೂ ಮಾಡುತ್ತಾರೆ, ತಮಗೆ ಮಾತ್ರ ಯಾರೂ ಒಂದು ಲೋಟ ನೀರು ತಂದುಕೊಡಬಾರದು. ಅದು ದೀನತೆ ಅಂತ ನಾವು ಹೊಗಳುತ್ತೇವೆ. ನನಗೆ ಅದರಲ್ಲಿ ಕೊಂಚ ಗರ್ವವೂ ಕಾಣುತ್ತದೆ. ಕೊಡುವವರ ಜಾಗ ಬಿಟ್ಟುಕೊಡಲು ಮನಸ್ಸಿಲ್ಲದ ಗರ್ವ. ಒಬ್ಬರ ಕಾಲು ಒಬ್ಬರು ತೊಳೆಯಿರಿ ಅಂದಮೇಲೆ ಒಂದು ಸರದಿಯಲ್ಲಿ ಕಾಲು ಚಾಚಿ ಕೂರಲೂಬೇಕು.

ಇನ್ನೊಂದು ಊಟದ ಜಗಳ, ಇದು ಯೆರೂಸಲೇಮಿನದು. ಸತ್ಯವೇದದ ‘ಅಪೊಸ್ತಲರ ಕೃತ್ಯಗಳು’ ಪುಸ್ತಕ, ಆರನೇ ಅಧ್ಯಾಯ. ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಹನ್ನೆರಡು ಮಂದಿ ಅಪೊಸ್ತಲರು ಸಮಾಧಾನದ ಮಾತಾಡಿ ಕಳಿಸಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಆರಿಸಿದ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಕೊನೆಯವನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿದ್ದವನು. ದೂರು ಕೊಟ್ಟವರ ಕಡೆಯವರ ಕೈಗೇ ಉಗ್ರಾಣದ ಬೀಗದಕೈ ಹೋದಂತೆ ಕಾಣುತ್ತದೆ. ಸಮಿತಿಯಲ್ಲಿ ಕೂತವರು ಈ ಅಧ್ಯಾಯವನ್ನು ವರ್ಷಕ್ಕೊಮ್ಮೆ, ಆಯವ್ಯಯ ಮಂಡಿಸುವ ದಿನ, ಓದುವುದು ಒಳ್ಳೆಯದು. ಅನ್ನ ಬಡಿಸುವುದು ಒಂದು ಮಟ್ಟ, ಸೌಟು ಕೊಟ್ಟುಬಿಡುವುದು ಇನ್ನೊಂದು.

ಈ ಸೌಟು ಕೊಡುವ ವಿಷಯದಲ್ಲಿ ನಮ್ಮ ಪಕ್ಕದ ವೆಲ್ಲೂರಿನ ಉದಾಹರಣೆ ಹೇಳದೆ ನರ್ಸಾದವಳು ಕೂರಬಾರದು. ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದವರು, ಅಮೆರಿಕನ್ ಮಿಷನರಿ ಡಾಕ್ಟರ ಮಗಳು. ತಾನು ಮಾತ್ರ ಮಿಷನರಿ ಆಗುವುದಿಲ್ಲ ಅಂತ ನಿಶ್ಚಯಿಸಿದ್ದ ಹುಡುಗಿ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಾಗ ಒಂದು ರಾತ್ರಿ ಬೇರೆ ಬೇರೆ ಮನೆಗಳ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು ಬಾಗಿಲು ತಟ್ಟಿದರು. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ. ಡಾಕ್ಟರು ನಮ್ಮ ತಂದೆ, ಅವರನ್ನು ಕರೆದುಕೊಂಡು ಹೋಗಿ ಅಂದರು ಐಡಾ. ಪರಗಂಡಸು ನೋಡಕೂಡದು ಅಂತ ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂರೂ ಹೆಂಗಸರು ತೀರಿಕೊಂಡಿದ್ದರು.

ಈ ಕಥೆಯನ್ನು ‘ಐಡಾ ಅಮೆರಿಕದ ಸುಖ ಬಿಟ್ಟರು’ ಅಂತ ಮುಗಿಸುವುದು ರೂಢಿ. ನನಗೆ ದೊಡ್ಡದಾಗಿ ಕಾಣುವುದು ಅದರ ಮುಂದಿನದು. ಆ ರಾತ್ರಿ ಅವರ ಮರುಕದಿಂದ ಯಾರೂ ಬದುಕಲಿಲ್ಲ. ಬೇಕಾಗಿದ್ದದ್ದು ಹೆಣ್ಣು ಡಾಕ್ಟರು. ಹೋಗಿ ಓದಿ, 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ವಾಪಸು ಬಂದರು. ಒಂದು ಮಂಚದಿಂದ ಶುರು, 1902ರಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆ. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಅವರನ್ನೇ ಹುಡುಕಿಕೊಂಡು ಬರುವ ದೊರೆಸಾನಿ ಡಾಕ್ಟರಾಗಿ ಉಳಿಯುತ್ತಿದ್ದರು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ ತೆರೆದರು. ತಾನಿಲ್ಲದಿದ್ದರೂ ಈ ನೆಲದ ಹುಡುಗಿಯರೇ ನೋಡಿಕೊಳ್ಳುವ ಹಾಗೆ ಮಾಡಿದರು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1906ರಲ್ಲಿ ಹೆಂಗಸರು ಮಕ್ಕಳಿಗೆಂದೇ ಶುರುವಾದದ್ದು. ಅಲ್ಲಿ ಹುಟ್ಟಿದವರು ಈ ಹಾಲಿನಲ್ಲೇ ಕೆಲವರಿರಬೇಕು.

ಇನ್ನು ಪ್ರಶ್ನೆಗಳು.

ಯುವಜನ ಕೂಟದ ಒಬ್ಬ ತಮ್ಮ ಕೇಳಿದ: “ಸಿಸ್ಟರ್, ಎಲ್ಲ ಮೊದಲ ಪಂಕ್ತಿಯವರಿಗೇ ಅಂದಿರಿ. ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನ ಎರಡು ಕಾಸನ್ನೂ ಹಾಕಿದಳಲ್ಲ, ಅದನ್ನು ಯೇಸು ಹೊಗಳಿದರಲ್ಲ?”

ಒಳ್ಳೆಯ ಪ್ರಶ್ನೆ. ಹೊಗಳಿದರು. ಬಡವರು ಕೊಡುವುದಿಲ್ಲ ಅಂತ ನಾನು ಹೇಳಲಿಲ್ಲ, ಕೊಡುವುದರಲ್ಲಿ ಅವರೇ ಮುಂದು. ಮಕೆದೋನ್ಯದ ಸಭೆಗಳು ಕಡುಬಡತನದಲ್ಲೂ ‘ನಮ್ಮದನ್ನೂ ತೆಗೆದುಕೊಳ್ಳಿ’ ಅಂತ ಬೇಡಿಕೊಂಡವು ಅಂತ ಪೌಲ ಬರೆಯುತ್ತಾನೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಆ ಎರಡು ಕಾಸಿನ ಕಥೆಗೆ ಸರಿಯಾಗಿ ಮುಂಚೆ ಇರುವ ವಾಕ್ಯ ತೆಗೆದು ನೋಡಪ್ಪ. ಉದ್ದ ನಿಲುವಂಗಿ ತೊಟ್ಟು, ಊಟದಲ್ಲಿ ಮೊದಲ ಜಾಗ ಬಯಸಿ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರವಾಗಿರಿ ಅಂತ ಯೇಸುಸ್ವಾಮಿ ಜನರಿಗೆ ಹೇಳುತ್ತಾರೆ. ಅವಳು ಕೊಟ್ಟದ್ದು ಅವಳ ಮನಸ್ಸಿನಿಂದ. ಅವಳ ಕಥೆ ಹೇಳಿ ಇನ್ನೊಬ್ಬ ವಿಧವೆಯಿಂದ ಕಾಸು ಕೇಳುವ ಅಧಿಕಾರ ನಮಗಿಲ್ಲ.

ಎರಡನೆಯದು, ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಕೇಳಿದ್ದು. ಅವರ ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾರೆ. ಎತ್ತಿ ಇಳಿಸಿ ಇವರ ಬೆನ್ನು ಹೋಗಿದೆ. “ಇದನ್ನು ನನ್ನ ಶಿಲುಬೆ ಅಂತ ಹೊರಬೇಕಾ, ಸಿಸ್ಟರ್?”

ಅಕ್ಕ, ನಿಮ್ಮ ಮನೆಯಲ್ಲಿ ಗಂಡುಮಕ್ಕಳು ಎಷ್ಟು ಜನ ಅಂತ ನಾನು ಕೇಳುವುದಿಲ್ಲ, ಎಲ್ಲರೂ ಇಲ್ಲೇ ಕೂತಿದ್ದಾರೆ. ಒಬ್ಬರ ಭಾರ ಒಬ್ಬರು ಹೊರಿ ಅಂತ ಪೌಲ ಗಲಾತ್ಯ ಸೀಮೆಯ ಸಭೆಯವರಿಗೆ ಬರೆದದ್ದು ಇಡೀ ಸಭೆಗೆ, ಒಬ್ಬ ಸೊಸೆಗಲ್ಲ. ಅಯ್ಯನವರ ಹತ್ತಿರ ಹಾಸಿಗೆ ಹಿಡಿದವರ ಪಟ್ಟಿ ಇದೆ, ಪ್ರತಿ ಭಾನುವಾರ ಹೆಸರು ಓದಿ ಪ್ರಾರ್ಥಿಸುತ್ತೇವೆ. ಅದರ ಪಕ್ಕದಲ್ಲಿ ಅವರನ್ನು ನೋಡಿಕೊಳ್ಳುವವರ ಹೆಸರನ್ನೂ ಬರೆಯೋಣ. ವಾರಕ್ಕೆ ಎರಡು ಗಂಟೆ ಆ ಮನೆಗೆ ಹೋಗಿ ಕೂರುವವರು ಯಾರು ಅಂತ ಇನ್ನೊಂದು ಸಾಲು. ಇವತ್ತೇ ಒಂದು ಹಾಳೆ ಬಾಗಿಲ ಬಳಿ ಇಡಲಿ.

ಆಗ ಹಿರಿಯರೊಬ್ಬರು, “ಗಂಡಸರು ಹೋಗಿ ಏನು ಮಾಡೋದಮ್ಮ, ನಮಗೆ ಅದೆಲ್ಲ ಬರಲ್ಲ” ಅಂದರು. ಬರುತ್ತದೆ ಅಣ್ಣ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಬೆಡ್‌ಶೀಟ್ ಮಡಿಸಿ ಅಡಿಗೆ ಸೇರಿಸಿಕೊಂಡು, ಇಬ್ಬರು ಎರಡು ಕಡೆ ಹಿಡಿದರೆ ಯಾರ ಬೆನ್ನೂ ನೋಯುವುದಿಲ್ಲ. ಬೆಡ್‌ಪ್ಯಾನ್ ಇಡುವುದಕ್ಕೂ ಒಂದು ಕ್ರಮ ಇದೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಹಾಲಿಗೆ ಬನ್ನಿ, ಬೆಂಚಿನ ಮೇಲೆ ನಮ್ಮ ಖಜಾಂಚಿಯವರನ್ನೇ ಮಲಗಿಸಿ ತೋರಿಸಿಕೊಡುತ್ತೇನೆ. ಕಾಫಿ ಮಾತ್ರ ಗಂಡಸರೇ ಮಾಡಿಕೊಂಡು ಬರಬೇಕು.